ಸರಪಳಿ ಗರಗಸಕ್ಕೆ ತೆಳು ಚೈನೋ, ದಪ್ಪ ಚೈನೋ?



ಮಳೆಗಾಲ ಹತ್ತಿರ ಬಂದಿತೆಂದರೆ ನಮ್ಮ ಹಳ್ಳಿಗಳಲ್ಲಿ ತೋಟದ ನೆರಳು ಮರಗಳ ಕೊಂಬೆ ಇಳಿಸುವ ಕೆಲಸವೂ ಸೌದೆ ಕೂಡಿಹಾಕುವ ಕೆಲಸವೂ ಒಟ್ಟಿಗೇ ಬರುತ್ತವೆ. ಹಿಂದೆ ಇಬ್ಬರು ಆಳುಗಳು ಎಳೆಗರಗಸ ಹಿಡಿದು ಅರ್ಧ ಹೊತ್ತು ಬೆವರು ಸುರಿಸಿ ಕೊಯ್ಯುತ್ತಿದ್ದ ದಿಮ್ಮಿಯನ್ನು ಈಗ ಸರಪಳಿ ಗರಗಸ ಕೆಲವೇ ನಿಮಿಷಗಳಲ್ಲಿ ಕೊಯ್ದು ಹಾಕುತ್ತದೆ. ಯಂತ್ರ ಕೊಳ್ಳುವಾಗ ನಾವು ನಾಲ್ಕು ಅಂಗಡಿ ಸುತ್ತಿ ವಿಚಾರಿಸುತ್ತೇವೆ. ಆದರೆ ಅದರ ಚೈನು ಸವೆದು ಹೊಸದನ್ನು ತರುವಾಗ, "ಇಪ್ಪತ್ತು ಇಂಚಿನದು ಒಂದು ಕೊಡಿ" ಎಂದಷ್ಟೇ ಹೇಳಿ ತಂದುಬಿಡುತ್ತೇವೆ. ಇಷ್ಟು ಸಾಲದು ಎಂಬುದನ್ನು ನಾನು ಒಂದು ತಪ್ಪು ಮಾಡಿ ಕಲಿತೆನು. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ವರ್ಷ ನಾನು ಪೇಟೆಗೆ ಹೊರಟಿದ್ದಾಗ ರೈತರೊಬ್ಬರು ತಮ್ಮ ಗರಗಸಕ್ಕೆ ಚೈನು ತಂದುಕೊಡಲು ಹೇಳಿದರು. ನಾನು ಚೀಟಿಯಲ್ಲಿ ಬಾರಿನ ಉದ್ದ, ಕೊಂಡಿಗಳ ಸಂಖ್ಯೆ, ಪಿಚ್ಚು ಇವನ್ನು ಬರೆದುಕೊಂಡೆ. ಗೇಜು ಬರೆದುಕೊಳ್ಳಲಿಲ್ಲ. ಅವರ ಬಾರು 1.5 ಮಿಲಿಮೀಟರಿನದು, ನಾನು ತಂದ ಚೈನು 1.3 ಮಿಲಿಮೀಟರಿನದು. ಅದು ಬಾರಿನ ಮೇಲೆ ಬಹಳ ಸಲೀಸಾಗಿ ಕುಳಿತಿತು. ಸಲೀಸಾಗಿ ಕುಳಿತದ್ದನ್ನು ಕಂಡು ನಾವಿಬ್ಬರೂ ಸಂತೋಷಪಟ್ಟೆವು! ಸಿಲ್ವರ್ ಓಕ್ ದಿಮ್ಮಿಗೆ ಇಟ್ಟಾಗ ಕೊಯ್ತವು ನೇರ ಇಳಿಯದೆ ಕುಡುಗೋಲಿನಂತೆ ಬಾಗಿತು. ಹಲ್ಲು ಸರಿ ಮಸೆದಿಲ್ಲವೆಂದು ತಿಳಿದು ಅವರು ಇನ್ನಷ್ಟು ಒತ್ತಿದರು. ಚೈನು ತೋಡಿನಿಂದ ಹಾರಿತು. ಯಂತ್ರದ ಅಡಿಯಲ್ಲಿರುವ ಚೈನು ತಡೆಯುವ ಕೊಕ್ಕೆ ಅದರ ಹೊಡೆತವನ್ನು ತಡೆಯಿತು. ಆದರೂ ಅವರ ಪ್ಯಾಂಟಿನ ಮೊಣಕಾಲ ಕೆಳಗಿನ ಬಟ್ಟೆ ಹರಿಯಿತು. ಕಾಲು ಉಳಿಯಿತು. ಅಂದು ತಪ್ಪು ಯಂತ್ರದ್ದಲ್ಲ, ಚೀಟಿ ಬರೆದ ನನ್ನದು. ಅದಕ್ಕೇ ಈ ಲೇಖನ.

ಅಳತೆಗಳು ಮೂರು

ಚೈನನ್ನು ಕೊಳ್ಳಲು ಮೂರು ಅಳತೆಗಳು ಬೇಕು.

ಮೊದಲನೆಯದು ಪಿಚ್ಚು. ಒಂದರ ಪಕ್ಕ ಒಂದಿರುವ ಮೂರು ರಿವೆಟ್ಟುಗಳನ್ನು ತೆಗೆದುಕೊಂಡು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು, ಬಂದುದನ್ನು ಅರ್ಧ ಮಾಡಿದರೆ ಪಿಚ್ಚು ಸಿಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು 3/8 ಇಂಚಿನ ತಗ್ಗು ಹಲ್ಲಿನ ಚೈನು ಮತ್ತು 0.325 ಇಂಚಿನ ಚೈನು. ದೊಡ್ಡ ಯಂತ್ರಗಳಿಗೆ 3/8 ಇಂಚಿನ ಪೂರ್ಣ ಹಲ್ಲಿನ ಚೈನು ಬರುತ್ತದೆ.

ಎರಡನೆಯದು ಗೇಜು. ಚೈನಿನ ಕೆಳಭಾಗದಲ್ಲಿ ಬಾರಿನ ತೋಡಿನೊಳಗೆ ಇಳಿದು ಓಡುವ ಕೊಂಡಿಗಳಿವೆ. ಅವನ್ನು ಅಡಿಕೊಂಡಿ ಎಂದು ಕರೆಯೋಣ. ಈ ಅಡಿಕೊಂಡಿಯ ದಪ್ಪವೇ ಗೇಜು.

ಮೂರನೆಯದು ಅಡಿಕೊಂಡಿಗಳ ಸಂಖ್ಯೆ. ಚೈನಿನ ಉದ್ದ ಇದರಿಂದ ಗೊತ್ತಾಗುತ್ತದೆ.

ಗೇಜಿನಲ್ಲಿ ಸಾಮಾನ್ಯವಾಗಿ ನಾಲ್ಕು ದಪ್ಪಗಳಿವೆ: 1.1, 1.3, 1.5 ಮತ್ತು 1.6 ಮಿಲಿಮೀಟರು. ಇಂಚಿನ ಲೆಕ್ಕದಲ್ಲಿ ಇವು 0.043, 0.050, 0.058 ಮತ್ತು 0.063. ಚಿಕ್ಕ ಗರಗಸಗಳಲ್ಲಿ 1.1 ತೆಳುವಾದದ್ದು, 1.3 ಎಲ್ಲೆಡೆ ನಡೆಯುವ ಸಾಮಾನ್ಯ ದಪ್ಪದ್ದು. ನಡುವಿನ ಗಾತ್ರದ ಗರಗಸಗಳಲ್ಲಿ 1.3 ತೆಳುವೆಂದೂ 1.5 ದಪ್ಪವೆಂದೂ ಎಣಿಸಲಾಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ 0.2 ಮಿಲಿಮೀಟರು ಮಾತ್ರ, ಅಂದರೆ ಬರೆಯುವ ಕಾಗದದ ಎರಡು ಹಾಳೆಗಳಷ್ಟು. ಬರಿಗಣ್ಣಿಗೆ ಇದು ತಿಳಿಯುವುದಿಲ್ಲ. ಮೋಸವಾಗುವುದು ಇಲ್ಲಿಯೇ.

ಗೇಜು ಬಾರಿಗೆ ಸೇರಿದ್ದು

ಮೈಸೂರು ಸೀಮೆಯಲ್ಲಿ ಹಿಂದೆ ಮೀಟರ್ ಗೇಜಿನ ರೈಲು ಓಡುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಗಾಡಿಯನ್ನು ಬ್ರಾಡ್ ಗೇಜ್ ಹಳಿಯ ಮೇಲೆ ಓಡಿಸಲು ಆಗುತ್ತಿರಲಿಲ್ಲ. ರೈಲಿನ ಗೇಜು ಹಳಿಗಳ ನಡುವಿನ ಅಂತರ. ನಮ್ಮ ಗೇಜು ಕೊಂಡಿಯ ದಪ್ಪ. ಅರ್ಥ ಬೇರೆಯಾದರೂ ನಿಯಮ ಒಂದೇ: ದಾರಿ ಯಾವುದೋ ಗಾಡಿಯೂ ಅದೇ ಆಗಿರಬೇಕು.

ತೋಡಿಗಿಂತ ದಪ್ಪನೆಯ ಚೈನು ಒಳಗೆ ಇಳಿಯುವುದೇ ಇಲ್ಲ. ಇದರಿಂದ ಅಪಾಯವಿಲ್ಲ, ಅಂಗಡಿಗೆ ಇನ್ನೊಮ್ಮೆ ಹೋಗುವ ದಂಡ ಅಷ್ಟೆ. ಆದರೆ ತೋಡಿಗಿಂತ ತೆಳುವಾದ ಚೈನು ಒಳಗೆ ಇಳಿಯುತ್ತದೆ, ತಿರುಗುತ್ತದೆ, ಕೊಯ್ಯಲೂ ತೊಡಗುತ್ತದೆ. ಅದು ಎಡಕ್ಕೂ ಬಲಕ್ಕೂ ವಾಲುವುದರಿಂದ ಕೊಯ್ತ ಸೊಟ್ಟಗಾಗುತ್ತದೆ, ತೋಡಿನ ಅಂಚು ಬೇಗ ಸವೆಯುತ್ತದೆ, ಕೊನೆಗೆ ಚೈನು ಹಾರುತ್ತದೆ. ಸುಲಭವಾಗಿ ಕುಳಿತ ಚೈನೆಲ್ಲ ಸರಿಯಾದ ಚೈನಲ್ಲ ಎಂಬುದನ್ನು ಮರೆಯಬಾರದು.

ಆದ್ದರಿಂದ ಇರುವ ಬಾರಿಗೆ ಚೈನು ತರುವಾಗ ತೆಳುವೋ ದಪ್ಪವೋ ಎಂಬ ಆಯ್ಕೆಯೇ ಇಲ್ಲ. ಬಾರು ಹೇಳಿದ್ದನ್ನೇ ತರಬೇಕು. ಹೊಸ ಯಂತ್ರವನ್ನೋ ಹೊಸ ಬಾರನ್ನೋ ಕೊಳ್ಳುವಾಗ ಮಾತ್ರ ಆಯ್ಕೆ ನಮ್ಮದು.

ಹಲ್ಲಿನ ಅಗಲ ಬೇರೆ, ಗೇಜು ಬೇರೆ

ಇಲ್ಲಿ ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕು. ಮರದಲ್ಲಿ ಬೀಳುವ ಸೀಳಿನ ಅಗಲವನ್ನು ನಿರ್ಧರಿಸುವುದು ಮೇಲಿನ ಹಲ್ಲು, ಕೆಳಗಿನ ಕೊಂಡಿಯಲ್ಲ. ಈ ಹಲ್ಲಿನ ಕಥೆ ನಮ್ಮ ಕಾಫಿ ಬೆಳೆಗಾರರಿಗೆ ಸ್ವಾರಸ್ಯವೆನಿಸೀತು. 1946ರಲ್ಲಿ ಅಮೆರಿಕಾದ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವ ಕೆಲಸಗಾರರು ಮರ ಕೊರೆಯುವ ಹುಳುವೊಂದನ್ನು ಗಮನಿಸಿದರು. ಕಾಂಡಕೊರಕದ ಕಾಟ ತಿಂದವರಿಗೆ ಇಂಥ ಹುಳು ಹೊಸದಲ್ಲ. ಅದು ನೇರವಾಗಿ ಕಡಿಯದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಾಗಿದ ದವಡೆಗಳಿಂದ ಮರವನ್ನು ತಿನ್ನುತ್ತಿತ್ತು. ಅದೇ ಮಾದರಿಯಲ್ಲಿ ಅವರು ಬಾಗಿದ ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಇಟ್ಟು ಚೈನು ಮಾಡಿದರು. 1947ರಿಂದ ಅದು ಮಾರಾಟಕ್ಕೆ ಬಂದಿತು. ಇಂದಿನ ಚೈನುಗಳೂ ಅದೇ ದಾರಿಯವು.

ಎಡ ಹಲ್ಲಿನ ಹೊರ ಅಂಚಿನಿಂದ ಬಲ ಹಲ್ಲಿನ ಹೊರ ಅಂಚಿನವರೆಗೆ ಎಷ್ಟಿದೆಯೋ ಸೀಳೂ ಅಷ್ಟು ಅಗಲ. ತೆಳು ಗೇಜಿನ ಚೈನುಗಳಲ್ಲಿ ಹಲ್ಲೂ ಸಾಮಾನ್ಯವಾಗಿ ಕಿರಿದಾಗಿರುತ್ತದೆ. ಆದರೆ ಯಾವಾಗಲೂ ಎರಡೂ ಜೊತೆಗೆ ಬರುವುದಿಲ್ಲ. ಒರೆಗಾನ್ ಚೈನುಗಳಲ್ಲಿ 20 ಎಂಬ ಗುರುತಿನದೂ 95 ಎಂಬ ಗುರುತಿನದೂ 0.325 ಪಿಚ್ಚು ಮತ್ತು 1.3 ಮಿಲಿಮೀಟರು ಗೇಜಿನವೇ. ಆದರೂ 95ರ ಸೀಳು ಕಿರಿದು. ಇಂಥ ಕಿರು ಸೀಳಿನ ಚೈನಿಗೆ ತೆಳು ಮೈಯ ಬಾರೇ ಬೇಕು. ಇಲ್ಲವಾದರೆ ಬಾರಿನ ಮೈ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಯಾರಿಗೆ ಯಾವುದು?

ಒಂದೇ ಆಳಿಗೆ ಒಂದು ಮೊಳ ಅಗಲದ ಕಾಲುವೆ ತೋಡಲು ಹೇಳಿರಿ. ಮತ್ತೆ ಅಷ್ಟೇ ಆಳಕ್ಕೆ ಒಂದೂವರೆ ಮೊಳ ಅಗಲದ್ದನ್ನು ತೋಡಲು ಹೇಳಿರಿ. ಅಗಲದ ಕಾಲುವೆಗೆ ಶ್ರಮ ಹೆಚ್ಚು, ಎತ್ತುವ ಮಣ್ಣೂ ಹೆಚ್ಚು. ಗರಗಸಕ್ಕೂ ಹೀಗೆಯೇ. ಕಿರಿದಾದ ಸೀಳಿನಲ್ಲಿ ಕಡಿಮೆ ಮರ ಪುಡಿಯಾಗುತ್ತದೆ, ಯಂತ್ರಕ್ಕೆ ಕಡಿಮೆ ಭಾರ ಬೀಳುತ್ತದೆ. ಶಕ್ತಿ ಕಡಿಮೆಯಿರುವ ಯಂತ್ರಕ್ಕೆ ಇದು ದೊಡ್ಡ ಉಪಕಾರ. ಶಕ್ತಿ ಸಾಕಷ್ಟಿರುವ ಯಂತ್ರಕ್ಕೆ ಬಲವಾದ ಚೈನೇ ಲೇಸು. ಏಕೆಂದರೆ ತೆಳು ಚೈನೂ ತೆಳು ಬಾರೂ ಒರಟು ಬಳಕೆಯನ್ನು ತಡೆಯಲಾರವು. ಕೊಯ್ಯುವಾಗ ದಿಮ್ಮಿ ಜಗ್ಗಿ ಬಾರನ್ನು ಕಚ್ಚಿಕೊಂಡರೆ ತೆಳು ಬಾರು ಬೇಗ ಬಾಗುತ್ತದೆ.

1. ಬ್ಯಾಟರಿ ಗರಗಸ ಮತ್ತು 35 ಸಿ.ಸಿ.ಯೊಳಗಿನ ಪೆಟ್ರೋಲು ಗರಗಸ, 12ರಿಂದ 14 ಇಂಚಿನ ಬಾರು: ಕೊಂಬೆ ಇಳಿಸುವುದು, ಗೊಬ್ಬರದ ಗಿಡದ ಸವರಿಕೆ, ಸಣ್ಣ ಸೌದೆ ಇವೇ ಮುಖ್ಯ ಕೆಲಸವಾದರೆ 1.1 ಮಿಲಿಮೀಟರಿನ ತೆಳು ಚೈನು ಒಳ್ಳೆಯದು. ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

2. 35ರಿಂದ 45 ಸಿ.ಸಿ., 16 ಇಂಚಿನವರೆಗಿನ ಬಾರು: 3/8 ಇಂಚಿನ ತಗ್ಗು ಹಲ್ಲಿನ 1.3 ಮಿಲಿಮೀಟರಿನ ಚೈನು. ಸರ್ವೆ, ನೀಲಗಿರಿ, ಸಿಲ್ವರ್ ಓಕ್ ಮರಗಳಿಗೆ ಇದು ಸಾಕು.

3. 50 ಸಿ.ಸಿ.ಗೆ ಮೇಲ್ಪಟ್ಟ ಯಂತ್ರ, 18ರಿಂದ 22 ಇಂಚಿನ ಬಾರು: ಹುಣಸೆ, ಜಾಲಿ ಮೊದಲಾದ ಗಟ್ಟಿ ದಿಮ್ಮಿಗಳಿಗೂ, ಅಲಗನ್ನು ಬೇಗ ಮೊಂಡು ಮಾಡುವ ಹಳೆಯ ತೆಂಗಿನ ಬೊಡ್ಡೆಗೂ 1.5 ಮಿಲಿಮೀಟರಿನ ಚೈನು ತಕ್ಕದ್ದು. ಕಡಿಮೆ ಬೆಲೆಗೆ ದೊರೆಯುವ 58 ಸಿ.ಸಿ. ಯಂತ್ರಗಳಿಗೆ ಸಾಮಾನ್ಯವಾಗಿ 0.325 ಪಿಚ್ಚು, 1.5 ಮಿಲಿಮೀಟರು ಗೇಜಿನದೇ ಬಂದಿರುತ್ತದೆ. 20 ಇಂಚಿನ ಬಾರಿಗೆ 76 ಕೊಂಡಿ, 22 ಇಂಚಿನದಕ್ಕೆ 86 ಕೊಂಡಿ ಇರುವುದು ವಾಡಿಕೆ. ಆದರೂ ಎಣಿಸದೆ ಕೊಳ್ಳಬೇಡಿರಿ.

ದಪ್ಪ ಚೈನು ಹಾಕಿದರೆ ಚಿಕ್ಕ ಯಂತ್ರಕ್ಕೆ ಬಲ ಬರುತ್ತದೆಂದು ಕೆಲವರು ನಂಬಿದ್ದಾರೆ. ಇದು ಸರಿಯಲ್ಲ. ಎಳೆಗರುವಿಗೆ ದೊಡ್ಡ ನೇಗಿಲು ಕಟ್ಟಿದರೆ ಉಳುಮೆ ಆಳವಾಗುವುದಿಲ್ಲ, ಕರು ನಿಲ್ಲುತ್ತದೆ.

ಮನೆಯಲ್ಲಿ ಗುರುತಿಸುವ ಬಗೆ

ಬಾರನ್ನು ಬಿಚ್ಚಿ, ಎಣ್ಣೆಯ ಮಣ್ಣನ್ನು ಒರೆಸಿ, ಯಂತ್ರಕ್ಕೆ ಸೇರುವ ತುದಿಯ ಬಳಿ ನೋಡಿರಿ. ಬಹುಪಾಲು ಬಾರುಗಳ ಮೇಲೆ ಪಿಚ್ಚು, ಗೇಜು, ಕೊಂಡಿಗಳ ಸಂಖ್ಯೆ ಮೂರನ್ನೂ ಅಲ್ಲಿ ಒತ್ತಿರುತ್ತಾರೆ. ಅಡಿಕೊಂಡಿಗಳ ಮೇಲೂ ಅಂಕಿ ಇರುತ್ತದೆ. ಸ್ಟಿಲ್ ಚೈನಿನಲ್ಲಿ 1 ಎಂದರೆ 1.1, 3 ಎಂದರೆ 1.3, 5 ಎಂದರೆ 1.5, 6 ಎಂದರೆ 1.6 ಮಿಲಿಮೀಟರು. ಒರೆಗಾನ್ ಚೈನಿನಲ್ಲಿ 90 ಎಂದರೆ 1.1, 91 ಎಂದರೆ 1.3, 0.325 ಪಿಚ್ಚಿನವುಗಳಲ್ಲಿ 20 ಎಂದರೆ 1.3, 21 ಎಂದರೆ 1.5, 22 ಎಂದರೆ 1.6. ಗುರುತು ಅಳಿಸಿದ್ದರೆ ವರ್ಕ್‌ಷಾಪಿನ ವರ್ನಿಯರ್ ಅಳತೆಗೋಲಿನಿಂದ ಅಡಿಕೊಂಡಿಯನ್ನು ಅಳೆಸಿರಿ.

ಬಾರು ಹಳೆಯದಾದರೆ ತೋಡೂ ಸವೆದು ಅಗಲವಾಗಿರುತ್ತದೆ. ಯಂತ್ರ ನಿಲ್ಲಿಸಿ, ಕೈಚೀಲ ತೊಟ್ಟು, ಸರಿಯಾದ ಗೇಜಿನ ಚೈನನ್ನು ಬಾರಿನ ನಡುವೆ ಹಿಡಿದು ಪಕ್ಕಕ್ಕೆ ಅಲುಗಿಸಿರಿ. ತೂಗಾಡಿ ವಾಲಿದರೆ ಆ ಬಾರಿನ ಆಯುಸ್ಸು ಮುಗಿಯಿತು. ಸವೆದ ತೋಡಿಗೆ ದಪ್ಪ ಚೈನು ಹಾಕಿ ಸರಿಮಾಡುವ ಉಪಾಯ ಬೇಡ. ಬಾರಿನ ಮೂತಿಯಲ್ಲಿರುವ ಚಕ್ರವೂ ಒಂದೇ ಗೇಜಿಗೆ ಮಾಡಿದ್ದಾಗಿರುತ್ತದೆ.

ಬದಲಾಯಿಸುವುದಾದರೆ

ಪಿಚ್ಚು ಅದೇ ಇದ್ದು ಗೇಜನ್ನು ಮಾತ್ರ ಬದಲಾಯಿಸಲು ಬಾರು ಮತ್ತು ಚೈನು ಎರಡನ್ನೂ ಒಟ್ಟಿಗೆ ಕೊಳ್ಳಬೇಕು. ಯಂತ್ರದ ಹಲ್ಲುಚಕ್ರ ಅದೇ ನಡೆಯುತ್ತದೆ. ಪಿಚ್ಚೂ ಬದಲಾದರೆ ಹಲ್ಲುಚಕ್ರವನ್ನೂ ಬದಲಾಯಿಸಬೇಕು. ಅರದ ಗಾತ್ರವೂ ಪಿಚ್ಚನ್ನು ಅನುಸರಿಸುತ್ತದೆ: 0.325ಕ್ಕೆ 4.8, 3/8ರ ಪೂರ್ಣ ಹಲ್ಲಿಗೆ 5.5 ಮಿಲಿಮೀಟರಿನ ದುಂಡರ. 3/8ರ ತಗ್ಗು ಹಲ್ಲಿಗೆ ಹೆಚ್ಚಾಗಿ 4 ಮಿಲಿಮೀಟರಿನದು. ಚೈನಿನ ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನೋಡಿಯೇ ಅರ ಕೊಳ್ಳಿರಿ.

ಇಂದೇ ಒಂದು ಕೆಲಸ ಮಾಡಿರಿ. ನಿಮ್ಮ ಬಾರಿನ ಮೇಲಿನ ಮೂರು ಅಂಕಿಗಳನ್ನು ಓದಿ, ಯಂತ್ರದ ಹಿಡಿಯ ಮೇಲೆ ಬಣ್ಣದಲ್ಲಿ ಬರೆದಿಡಿರಿ. ಪೇಟೆಗೆ ಹೋಗುವವರು ಮಗನಾಗಲಿ ನೆರೆಯವರಾಗಲಿ ನಾನಾಗಲಿ, ಆ ಮೂರನ್ನೂ ನೋಡಿ ಬರೆದುಕೊಂಡು ಹೋಗುವಂತಾಗಲಿ. ಚೀಟಿಯಲ್ಲಿ ಒಂದು ಅಂಕಿ ಬಿಟ್ಟುದರ ಬೆಲೆ ನನ್ನ ಪಾಲಿಗೆ ಒಂದು ಪ್ಯಾಂಟಿನ ಬಟ್ಟೆಯಲ್ಲಿ ತೀರಿತು. ಎಲ್ಲರಿಗೂ ಹಾಗೆ ಅಗ್ಗದಲ್ಲಿ ತೀರುವುದೆಂಬ ಭರವಸೆಯಿಲ್ಲ. ಸಂಶಯವಿದ್ದವರು ನಾನು ನಿಮ್ಮ ಊರಿಗೆ ಬಂದಾಗ ಬಾರನ್ನು ತಂದು ತೋರಿಸಿರಿ, ಕೂಡಿ ನೋಡೋಣ.

— ನಿಮ್ಮ ಗ್ರಾಮಸೇವಕ