ಎಳೆಯ ಮಕ್ಕಳೊಡನೆ ಊರು ಬದಲಿಸುವ ಮುನ್ನ: ಗಡಿಭಾಗದ ಪಾಲಕರು ತೂಗಿ ನೋಡಬೇಕಾದ ಸಂಗತಿಗಳು

ಮೇ ತಿಂಗಳು ಬಂತೆಂದರೆ ನಾರಾಯಣಪೇಟೆ, ಮಕ್ತಲ್ ಹಾಗೂ ಗದ್ವಾಲ್ ಭಾಗದ ಅನೇಕ ಕನ್ನಡ ಕುಟುಂಬಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ಮಗುವನ್ನು ಒಂದನೆಯ ತರಗತಿಗೆ ಎಲ್ಲಿ ಸೇರಿಸಬೇಕು? ಹಳ್ಳಿಯಲ್ಲಿಯೇ ಇರುವುದೋ, ಮಂಡಲ ಕೇಂದ್ರಕ್ಕೆ ಬರುವುದೋ, ಕೃಷ್ಣೆಯನ್ನು ದಾಟಿ ರಾಯಚೂರಿನಲ್ಲಿ ಮನೆ ಹಿಡಿಯುವುದೋ? ಕರ್ನಾಟಕದಲ್ಲಿ ಶಾಲೆಗಳು ಸಾಮಾನ್ಯವಾಗಿ ಮೇ ಕೊನೆಯಲ್ಲಿ ತೆರೆಯುತ್ತವೆ, ತೆಲಂಗಾಣದಲ್ಲಿ ಜೂನ್ 12ರ ಸುಮಾರಿಗೆ. ನಿರ್ಧಾರಕ್ಕೆ ದೊರೆಯುವ ಕಾಲ ಕಡಿಮೆ. ಅದರ ಪರಿಣಾಮ ಮಾತ್ರ ಮಗುವಿನ ಇಪ್ಪತ್ತನೆಯ ವಯಸ್ಸಿನವರೆಗೂ ಉಳಿಯುತ್ತದೆ. ಮನೆ ಬಾಡಿಗೆ, ಕೆಲಸದ ದೂರ ಇವೆರಡನ್ನೇ ಲೆಕ್ಕ ಹಾಕಿ ಗಡಿ ದಾಟಿದವರು ಮುಂದೆ ಪ್ರಮಾಣಪತ್ರಗಳ ಸರದಿಯಲ್ಲಿ ನಿಂತು ಪರಿತಪಿಸುವುದುಂಟು. ಆದ್ದರಿಂದ ಈ ವಿಷಯವನ್ನು ಕ್ರಮವಾಗಿ ನೋಡೋಣ.

ಕಠಿಣ ಋತುವಿನಲ್ಲಿ ಊರು ನೋಡಿ

ಹಿಮ ಸುರಿಯುವ ನಾಡುಗಳಿಗೆ ಮಕ್ಕಳೊಡನೆ ತೆರಳುವವರಿಗೆ ಅನುಭವಿಗಳು ಹೇಳುವ ಮೊದಲ ಮಾತು, ಊರನ್ನು ಬೇಸಿಗೆಯಲ್ಲಿ ನೋಡಿ ಮೆಚ್ಚಬೇಡಿ, ನಡುಚಳಿಗಾಲದಲ್ಲಿ ನೋಡಿ ಎಂಬುದು. ರಸ್ತೆ ಮುಚ್ಚಿದ ದಿನ ಶಾಲೆಗೆ ಹೋಗುವುದು ಹೇಗೆ, ರಾತ್ರಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆ ಎಷ್ಟು ದೂರ ಎಂಬ ಪ್ರಶ್ನೆಗಳಿಗೆ ಆಗ ಮಾತ್ರ ಸರಿಯಾದ ಉತ್ತರ ಸಿಗುತ್ತದೆ. ನಮ್ಮಲ್ಲಿ ಹಿಮವಿಲ್ಲ, ಆದರೆ ಬಿಸಿಲಿದೆ. ರಾಯಚೂರು ಸೀಮೆಯಿಂದ ಗದ್ವಾಲಿನವರೆಗೆ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಮೀರುವುದು ವಾಡಿಕೆ. ತೆಲಂಗಾಣದಲ್ಲಿ ಮಾರ್ಚ್ ನಡುವಿನಿಂದಲೇ ಒಪ್ಪೊತ್ತಿನ ಶಾಲೆ ಆರಂಭವಾಗುತ್ತದೆ. ಕಲ್ಯಾಣ ಕರ್ನಾಟಕದಲ್ಲಿ ಸರಕಾರಿ ಕಚೇರಿಗಳೇ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಮುಚ್ಚುತ್ತವೆ.

ಹೀಗಾಗಿ ಡಿಸೆಂಬರಿನ ತಂಪಿನಲ್ಲಿ ಮನೆ ನೋಡಿ ಮುಂಗಡ ಕೊಡುವುದು ಜಾಣತನವಲ್ಲ. ಏಪ್ರಿಲ್ ತಿಂಗಳಲ್ಲಿ ಹೋಗಿ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಮೇಲ್ಮಹಡಿಯ ಕೋಣೆ ಮಧ್ಯಾಹ್ನ ಹೇಗಿರುತ್ತದೆ, ಶಾಲೆಯಿಂದ ಮನೆಗೆ ನಡೆಯುವ ದಾರಿಯಲ್ಲಿ ನೆರಳಿದೆಯೇ ಎಂದು ಕಣ್ಣಾರೆ ನೋಡಬೇಕು. ಕುಡಿಯುವ ನೀರಿನ ವಿಚಾರದಲ್ಲಿ ವಿಶೇಷ ಎಚ್ಚರ ಬೇಕು. ಈ ಸೀಮೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು, ಮೂಳೆ ಬೆಳೆಯುವ ವಯಸ್ಸಿನಲ್ಲಿ ಅದರ ಹಾನಿ ಹೆಚ್ಚು. ದೊಡ್ಡ ನಗರವೆಂದ ಮಾತ್ರಕ್ಕೆ ನೀರು ಶುದ್ಧವೆಂದು ನಂಬುವಂತಿಲ್ಲ. 2022ರಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಅನೇಕರು ಅಸ್ವಸ್ಥರಾಗಿ, ಸಾವುಗಳೂ ಸಂಭವಿಸಿದ್ದನ್ನು ಮರೆಯಲಾಗದು.

ಶಾಲೆಯ ಭಾಷೆ

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳು ಉಳಿದು ಬಂದಿರುವುದು ಈ ಆಶಯದ ಫಲ. ಆದರೆ ಫಲಕದ ಮೇಲೆ ಕನ್ನಡವಿದ್ದರೆ ಸಾಲದು. ಎಷ್ಟು ತರಗತಿಗಳಿಗೆ ಎಷ್ಟು ಮಂದಿ ಕನ್ನಡ ಶಿಕ್ಷಕರು ಇದ್ದಾರೆ, ಐದನೆಯ ಅಥವಾ ಏಳನೆಯ ತರಗತಿಯ ಬಳಿಕ ಮುಂದುವರಿಯಲು ಹತ್ತಿರದ ಕನ್ನಡ ಪ್ರೌಢಶಾಲೆ ಯಾವುದು ಎಂದು ಕೇಳಿಯೇ ಸೇರಿಸಬೇಕು. 2022-23ರಿಂದ ತೆಲಂಗಾಣದ ಸರಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ಹಂತಹಂತವಾಗಿ ಬಂದಿರುವುದರಿಂದ ಈ ಪ್ರಶ್ನೆಗೆ ಇನ್ನಷ್ಟು ಮಹತ್ವವಿದೆ.

ಎರಡೂ ರಾಜ್ಯಗಳು ತಮ್ಮ ಭಾಷೆಯನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿವೆ ಎಂಬುದನ್ನೂ ನೆನಪಿಡಬೇಕು. ತೆಲಂಗಾಣದಲ್ಲಿ 2018ರ ಕಾಯ್ದೆಯಂತೆ ಎಲ್ಲ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಕನ್ನಡ ಕಡ್ಡಾಯ. ಒಂದನೆಯ ತರಗತಿಯ ಮಗುವಿಗೆ ಇದು ಹೊರೆಯಲ್ಲ. ಈ ಗಡಿಯ ಮಕ್ಕಳು ಬೀದಿಯಲ್ಲಿ ಎರಡೂ ನುಡಿಗಳನ್ನು ಆಡಿಕೊಂಡೇ ಬೆಳೆಯುತ್ತಾರೆ, ಎರಡು ಲಿಪಿಗಳೂ ಅಕ್ಕತಂಗಿಯರಂತಿವೆ. ಆದರೆ ಆರನೆಯ ತರಗತಿಗೆ ಬಂದ ಬಳಿಕ ಗಡಿ ದಾಟಿದರೆ ಓದು ಬರಹದಲ್ಲಿ ಹಿಂದೆ ಬೀಳುವ ಸಂಭವ ಹೆಚ್ಚು. ಬದಲಿಸುವುದಿದ್ದರೆ ಎಳೆಯ ವಯಸ್ಸಿನಲ್ಲಿ ಬದಲಿಸುವುದು ಮೇಲು.

ವಯಸ್ಸಿನ ವ್ಯತ್ಯಾಸವೂ ಒಂದು ತೊಡಕು. ತೆಲಂಗಾಣದಲ್ಲಿ ಐದು ವರ್ಷ ತುಂಬಿದ ಮಕ್ಕಳನ್ನು ಒಂದನೆಯ ತರಗತಿಗೆ ಸೇರಿಸುವ ರೂಢಿ ಬಹುಕಾಲದಿಂದ ಇದೆ. ಕರ್ನಾಟಕವು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ ತಂದಿದೆ. 2025-26ನೆಯ ಸಾಲಿಗೆ ಮಾತ್ರ ಸಡಿಲಿಕೆ ನೀಡಲಾಗಿತ್ತು. ವರ್ಗಾವಣೆಗೆ ಮುನ್ನವೇ ಶಾಲೆಯಲ್ಲಿ ಇದನ್ನು ವಿಚಾರಿಸಬೇಕು. ಆದರೆ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ಯಾವ ಕಡೆಯ ಸ್ಥಳೀಯ?

ಪಾಲಕರು ಬಹುತೇಕ ಮರೆಯುವ ಸಂಗತಿ ಇದು. ತೆಲಂಗಾಣದ 2018ರ ರಾಷ್ಟ್ರಪತಿ ಆದೇಶದ ಪ್ರಕಾರ ನೇರ ನೇಮಕಾತಿಯಲ್ಲಿ 95 ಶೇಕಡಾ ಹುದ್ದೆಗಳು ಸ್ಥಳೀಯರಿಗೆ ಮೀಸಲು. ಸ್ಥಳೀಯರೆಂದು ನಿರ್ಧರಿಸಲು ನೋಡುವುದು ಒಂದರಿಂದ ಏಳನೆಯ ತರಗತಿಯವರೆಗೆ ಎಲ್ಲಿ ಓದಿದರು ಎಂಬುದನ್ನು. ಆ ಏಳು ವರ್ಷಗಳಲ್ಲಿ ಹೆಚ್ಚಿನ ಕಾಲ ಯಾವ ಜಿಲ್ಲೆಯಲ್ಲಿ ಕಳೆಯಿತೋ ಅದೇ ಆಧಾರ. ಮೂರನೆಯ ತರಗತಿ ಮುಗಿಸಿದ ಮಗುವನ್ನು ರಾಯಚೂರಿಗೆ ಕರೆದೊಯ್ದರೆ ಉಳಿದ ನಾಲ್ಕು ವರ್ಷಗಳು ಕರ್ನಾಟಕದ ಲೆಕ್ಕಕ್ಕೆ ಸೇರುತ್ತವೆ. ವೈದ್ಯಕೀಯ ಪ್ರವೇಶಕ್ಕೆ ಲೆಕ್ಕವೇ ಬೇರೆ: 2024ರ ತಿದ್ದುಪಡಿಯಂತೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳ ಓದನ್ನು ತೆಲಂಗಾಣ ಪರಿಗಣಿಸುತ್ತದೆ.

ಇತ್ತ ಕರ್ನಾಟಕದಲ್ಲಿ 371ಜೆ ವಿಧಿಯು ಕಲ್ಯಾಣ ಕರ್ನಾಟಕಕ್ಕೆ ಜನ್ಮದಿಂದ ಅಥವಾ ವಾಸದಿಂದ ಸೇರಿದವರಿಗೆ ಮೀಸಲಾತಿ ನೀಡುತ್ತದೆ. ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ 70 ಶೇಕಡಾ ಸೀಟುಗಳು ಅವರಿಗಿವೆ. ಪ್ರಮಾಣಪತ್ರ ನೀಡುವವರು ಉಪವಿಭಾಗದ ಸಹಾಯಕ ಆಯುಕ್ತರು. ರಾಯಚೂರಿನಲ್ಲಿ ಮನೆ ಹಿಡಿದ ಮಾತ್ರಕ್ಕೆ ಅದು ಕೈಗೆ ಬರುವುದಿಲ್ಲ. ಕನ್ನಡ ಮನೆಮಾತು ಎಂಬ ಕಾರಣಕ್ಕೂ ಬರುವುದಿಲ್ಲ. 1956ರ ನವೆಂಬರ್ 1ಕ್ಕೆ ಮುನ್ನ ಗದ್ವಾಲ್ ತಾಲೂಕು ರಾಯಚೂರು ಜಿಲ್ಲೆಯಲ್ಲಿಯೇ ಇತ್ತು ಎಂಬ ಇತಿಹಾಸ ಇಂದಿನ ಅರ್ಜಿಯಲ್ಲಿ ಸಹಾಯಕ್ಕೆ ಬಾರದು.

ಪರಿಶಿಷ್ಟ ಹಾಗೂ ಹಿಂದುಳಿದ ವರ್ಗಗಳ ಕುಟುಂಬಗಳು ಇನ್ನೂ ಎಚ್ಚರ ವಹಿಸಬೇಕು. ಜಾತಿ ಪಟ್ಟಿ ರಾಜ್ಯಕ್ಕೊಂದು. ಒಂದು ರಾಜ್ಯದ ಪರಿಶಿಷ್ಟ ಸ್ಥಾನಮಾನವು ವಲಸೆಯೊಂದಿಗೆ ಇನ್ನೊಂದು ರಾಜ್ಯಕ್ಕೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿಯೇ ತೀರ್ಪು ನೀಡಿದೆ. ನಮ್ಮ ಸೀಮೆಯಲ್ಲಿ ಇದಕ್ಕೆ ಕಣ್ಣಮುಂದಿನ ಉದಾಹರಣೆ ವಾಲ್ಮೀಕಿ ಸಮುದಾಯ. ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರಿನಲ್ಲಿ ಪರಿಶಿಷ್ಟ ಪಂಗಡದಲ್ಲಿರುವವರು ತೆಲಂಗಾಣದಲ್ಲಿ ಬೋಯ ಎಂಬ ಹೆಸರಿನಲ್ಲಿ ಹಿಂದುಳಿದ ವರ್ಗದಲ್ಲಿದ್ದಾರೆ. ನದಿಯ ಎರಡು ದಡಗಳಲ್ಲಿ ಇರುವ ಅಣ್ಣತಮ್ಮಂದಿರ ಮಕ್ಕಳಿಗೆ ಎರಡು ಬಗೆಯ ಪ್ರಮಾಣಪತ್ರ. ಇದ್ದ ಸೌಲಭ್ಯವೂ ಹೋಗಿ, ಹೊಸದೂ ದೊರೆಯದೆ ಮಗು ನಡುವೆ ನಿಲ್ಲದಂತೆ ಮೊದಲೇ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ಆಸ್ಪತ್ರೆ ಮತ್ತು ದಾರಿ

ಮಗುವಿಗೆ ಐದು ವರ್ಷವಾಗುವ ತನಕ ಶಾಲೆಗಿಂತ ಆಸ್ಪತ್ರೆಯೇ ಹೆಚ್ಚು ಬೇಕಾಗುತ್ತದೆ. ನಾರಾಯಣಪೇಟೆ ಮತ್ತು ಗದ್ವಾಲ್ ಎರಡೂ ಕಡೆ 2024ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜುಗಳು ಆರಂಭವಾಗಿರುವುದು ದೊಡ್ಡ ಬದಲಾವಣೆ. ರಾಯಚೂರಿನಲ್ಲಿ ರಿಮ್ಸ್ ಬಹುಕಾಲದಿಂದ ಗಡಿಯ ಎರಡೂ ಬದಿಯ ರೋಗಿಗಳಿಗೆ ಆಸರೆಯಾಗಿದೆ. ಮಕ್ತಲ್ ಪಟ್ಟಣದಲ್ಲಿ ನೆಲೆಸುವವರು ರಾತ್ರಿ ಹೊತ್ತು ಮಕ್ಕಳ ವೈದ್ಯರು ಎಲ್ಲಿ ಸಿಗುತ್ತಾರೆ ಎಂದು ಮೊದಲೇ ತಿಳಿದುಕೊಳ್ಳಬೇಕು. ತೆಲಂಗಾಣದ ಆರೋಗ್ಯಶ್ರೀ ಯೋಜನೆಯ ಮಿತಿ 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿದೆ, ಆದರೆ ಅದು ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ ಮಾತ್ರ ಸಲ್ಲುತ್ತದೆ. ಲಸಿಕೆಯ ವಿಚಾರದಲ್ಲಿ ಆತಂಕ ಬೇಡ. ರಾಷ್ಟ್ರೀಯ ವೇಳಾಪಟ್ಟಿ ಎರಡೂ ಕಡೆ ಒಂದೇ. ತಾಯಿ ಕಾರ್ಡನ್ನು ಜೋಪಾನವಾಗಿ ಒಯ್ದರೆ ಹೊಸ ಊರಿನ ಅಂಗನವಾಡಿಯಲ್ಲಿ ಮುಂದುವರಿಯಬಹುದು.

ದಾರಿಯ ಲೆಕ್ಕದಲ್ಲಿ ಮಕ್ತಲ್‌ಗೆ ಅನುಕೂಲ ಹೆಚ್ಚಿದೆ. ರಾಷ್ಟ್ರೀಯ ಹೆದ್ದಾರಿ 167 ಊರಿನ ಮೂಲಕವೇ ರಾಯಚೂರಿಗೆ ಸಾಗುತ್ತದೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ನಡುವಿನ 37 ಕಿಲೋಮೀಟರ್ ರೈಲು ಮಾರ್ಗ ಲೋಕಾರ್ಪಣೆಗೊಂಡು, ಕಾಚಿಗುಡ–ರಾಯಚೂರು ರೈಲು ಆರಂಭವಾದ ಮೇಲೆ ಹೈದರಾಬಾದ್ ಕೂಡ ಹತ್ತಿರವಾಯಿತು. ಗದ್ವಾಲಿಗೆ ಸಿಕಂದರಾಬಾದ್–ಡೋಣ್ ಮಾರ್ಗವಿದೆ, ರಾಯಚೂರಿಗೆ ನೇರ ರೈಲು ಹಳಿಯೂ ಇದೆ. ನಾರಾಯಣಪೇಟೆ ಪಟ್ಟಣಕ್ಕೆ ರೈಲಿಲ್ಲ. ನಾರಾಯಣಪೇಟ ರೋಡ್ ಎಂದು ಬಹುಕಾಲ ಕರೆಯಿಸಿಕೊಂಡ ನಿಲ್ದಾಣ ಇರುವುದು ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ. ಆದರೆ 2019ರ ಫೆಬ್ರುವರಿ 17ರಂದು ಜಿಲ್ಲಾ ಕೇಂದ್ರವಾದ ಬಳಿಕ ಕಚೇರಿ ಕೆಲಸಗಳಿಗೆ ಮಹಬೂಬ್‌ನಗರಕ್ಕೆ ಅಲೆಯುವುದು ತಪ್ಪಿದೆ.

ದಿನವೂ ಕೃಷ್ಣೆ ದಾಟಿ ಮಗುವನ್ನು ರಾಯಚೂರಿನ ಶಾಲೆಗೆ ಕಳುಹಿಸುವ ಯೋಚನೆ ಇದ್ದರೆ ದೇವಸೂಗೂರಿನ ಬಳಿಯ ನಿಜಾಮರ ಕಾಲದ ಸೇತುವೆಯನ್ನು ನೆನೆಯಿರಿ. ದುರಸ್ತಿಗೆಂದು ಸೇತುವೆ ಮುಚ್ಚಿದರೆ ಸುತ್ತುದಾರಿ ಹಿಡಿಯಬೇಕಾಗುತ್ತದೆ. 2009ರ ಪ್ರವಾಹದಂತಹ ವರ್ಷದಲ್ಲಿ ನದಿ ಯಾರ ಮಾತನ್ನೂ ಕೇಳುವುದಿಲ್ಲ. ಹಿಮದ ನಾಡಿನವರಿಗೆ ಮುಚ್ಚಿದ ರಸ್ತೆ ಹೇಗೋ ನಮಗೆ ಸೇತುವೆ ಹಾಗೆ. ಎಳೆಯ ಮಗುವಿನ ಶಾಲೆ ಮನೆಯ ದಡದಲ್ಲಿಯೇ ಇರುವುದು ಲೇಸು.

ಹಾಗಾದರೆ ಯಾವ ಊರು?

ತೆಲಂಗಾಣದಲ್ಲಿಯೇ ಉದ್ಯೋಗ, ಹೊಲ, ಜಾತಿ ಪ್ರಮಾಣಪತ್ರ ಇರುವ ಕುಟುಂಬವು ಕನಿಷ್ಠ ಏಳನೆಯ ತರಗತಿಯವರೆಗೆ ಜಿಲ್ಲೆ ಬಿಡದಿರುವುದು ಸುರಕ್ಷಿತ. ಕನ್ನಡ ಮಾಧ್ಯಮವೇ ಬೇಕೆನ್ನುವವರು ಕೃಷ್ಣಾ ಮಂಡಲಕ್ಕೆ ಹತ್ತಿರವಾಗಿ ಮಕ್ತಲ್ ಕಡೆ ನೋಡಬಹುದು. ಜಿಲ್ಲಾ ಮಟ್ಟದ ಆಸ್ಪತ್ರೆ, ಕಚೇರಿ ಬೇಕಾದವರಿಗೆ ನಾರಾಯಣಪೇಟೆ ಅನುಕೂಲ. ತೆಲುಗು, ಕನ್ನಡ, ಮರಾಠಿ ಮೂರೂ ಕೇಳಿಬರುವ ಆ ನೇಕಾರರ ಪಟ್ಟಣದಲ್ಲಿ ಕನ್ನಡದ ಮಗು ಒಂಟಿಯಾಗುವುದಿಲ್ಲ. ಗಟ್ಟು, ಕೆ.ಟಿ. ದೊಡ್ಡಿ ಕಡೆಯವರಿಗೆ ಗದ್ವಾಲ್ ಸಹಜ ಆಯ್ಕೆ. ಅಲ್ಲಿ ಶಾಲೆಯ ವಾತಾವರಣ ತೆಲುಗಿನದು, ಆದ್ದರಿಂದ ಕನ್ನಡದ ಅಕ್ಷರಾಭ್ಯಾಸವನ್ನು ಮನೆಯೇ ವಹಿಸಿಕೊಳ್ಳಬೇಕಾದೀತು. ಇಡೀ ಕುಟುಂಬವೇ ಶಾಶ್ವತವಾಗಿ ಕರ್ನಾಟಕದಲ್ಲಿ ನೆಲೆಸಲು ನಿರ್ಧರಿಸಿದ್ದರೆ ಮಾತ್ರ ರಾಯಚೂರು ಸರಿ. ಆಗಲೂ ಒಂದನೆಯ ತರಗತಿಯಿಂದಲೇ ಸೇರಿಸಬೇಕು, ಅರ್ಧಕ್ಕೆ ಬೇಡ.

ನಿಯಮಗಳು ಬದಲಾಗುತ್ತಿರುತ್ತವೆ. ಊರು ಬದಲಿಸುವ ವರ್ಷದ ಆದೇಶವನ್ನು ಓದಿ, ಇಲ್ಲವೇ ಓದಿ ಹೇಳುವವರನ್ನು ಕೇಳಿ ಮುಂದುವರಿಯಬೇಕು. ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಪ್ರತಿ ತರಗತಿಯ ವ್ಯಾಸಂಗ ಪ್ರಮಾಣಪತ್ರ ಇವಿಷ್ಟನ್ನು ಒಂದೇ ಚೀಲದಲ್ಲಿಟ್ಟು ಮನೆಯ ಹಿರಿಯರೊಬ್ಬರ ಕೈಗೆ ಒಪ್ಪಿಸಿರಿ. ಹತ್ತು ವರ್ಷಗಳ ನಂತರ ಕಚೇರಿಯ ಕಿಟಕಿಯ ಮುಂದೆ ನಿಂತಾಗ ಮಗು ಎಲ್ಲಿ ಓದಿತೆಂದು ಸಾಕ್ಷಿ ಹೇಳುವುದು ಆ ಕಾಗದಗಳೇ.