ಮನೆಗೇ ಬಂದು ನೋಡುವ ವಿದ್ಯಾಪೋಷಕ್

ಉಡುಪಿಯ ಯಕ್ಷಗಾನ ಕಲಾರಂಗ 1975ರಲ್ಲಿ ಹುಟ್ಟಿದ್ದು ಕಲೆಗಾಗಿ, ಕಲಾವಿದರಿಗಾಗಿ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಮನೆ ಸೇರುವ ವೇಷಧಾರಿಯ ಸಂಸಾರದ ಕಷ್ಟ ಕಂಡವರಿಗೆ ಬಡವರ ಮನೆಯ ಮಕ್ಕಳ ಓದು ಕಾಣದೆ ಇರುತ್ತದೆಯೆ? 2005ರಲ್ಲಿ ಅದೇ ಸಂಸ್ಥೆ ‘ವಿದ್ಯಾಪೋಷಕ್’ ಆರಂಭಿಸಿತು. ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ಪಾಸಾದ ಬಡ ಮಕ್ಕಳನ್ನು ಆರಿಸಿ, ಪಿಯುಸಿಯಿಂದ ಮುಂದಕ್ಕೆ ಕೈಹಿಡಿಯುವ ಕೆಲಸವದು.

ಅರ್ಜಿ ಬಂದರೆ ಕಾರ್ಯಕರ್ತರು ಮನೆಗೇ ಹೋಗುತ್ತಾರೆ. ಕುಂದಾಪುರ, ಬೈಂದೂರಿನ ಒಳದಾರಿಗಳಲ್ಲಿ, ಬ್ರಹ್ಮಾವರದ ಗದ್ದೆಯಂಚಿನಲ್ಲಿ ಮನೆ ಹುಡುಕಿ, ಜಗಲಿಯಲ್ಲಿ ಕೂತು ಅಪ್ಪ ಅಮ್ಮನ ಹತ್ತಿರ ಮಾತಾಡುತ್ತಾರೆ. ಆದಾಯ ಪ್ರಮಾಣಪತ್ರ ಹೇಳದ ಸಂಗತಿಗಳು ಅಲ್ಲಿ ಗೊತ್ತಾಗುತ್ತವೆ: ಮಾಡು ಸೋರುತ್ತದೆಯೆ, ಕರೆಂಟು ಇದೆಯೆ, ಮಗು ಎಲ್ಲಿ ಕೂತು ಓದುತ್ತದೆ. ಹೀಗೆ ನೋಡಿದ್ದರ ಫಲವಾಗಿ ಶುಲ್ಕ ಕೊಡುವ ಯೋಜನೆ ಮನೆ ಕಟ್ಟಿಸಿಕೊಡುವವರೆಗೂ ಬೆಳೆಯಿತು. ದಾನಿಗಳ ನೆರವಿನಿಂದ ಅನೇಕ ವಿದ್ಯಾರ್ಥಿಗಳ ಕುಟುಂಬಗಳಿಗೆ ಸೂರು ಸಿಕ್ಕಿದೆ. ನಮ್ಮ ಕರಾವಳಿಯಲ್ಲಿ ನಾನು ತುಂಬ ಗೌರವಿಸುವ ಕೆಲಸವಿದು.

ಎಂಬಿಬಿಎಸ್‌ಗೆ ಹೊರಟ ಮಗುವಿಗೆ ಇಂಥ ಆಸರೆ ಇನ್ನೂ ಹೆಚ್ಚು ಬೇಕು. ಮಣಿಪಾಲದ ಕಸ್ತೂರ್ಬಾ ಕಾಲೇಜು 1953ರಿಂದ ಇದೆ, ಆದರೆ ಅದು ಖಾಸಗಿ. ಸರ್ಕಾರಿ ವೈದ್ಯಕೀಯ ಕಾಲೇಜು ಉಡುಪಿ ಜಿಲ್ಲೆಯಲ್ಲಿಲ್ಲ. ಬೈಂದೂರಿನವರು ಕಾರವಾರಕ್ಕೋ, ಘಟ್ಟ ಹತ್ತಿ ಶಿವಮೊಗ್ಗಕ್ಕೋ ಹೋಗಬೇಕು. ಸರ್ಕಾರಿ ಕಾಲೇಜಿನ ಸೀಟಾದರೆ ವರ್ಷದ ಶುಲ್ಕ ಲಕ್ಷದೊಳಗೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕೆ ಸುಮಾರು ಒಂದೂವರೆ ಲಕ್ಷ. ಅದೇ ಕಾಲೇಜಿನ ಖಾಸಗಿ ಸೀಟಿಗೆ ಹತ್ತು ಲಕ್ಷದ ಮೇಲೆ. ಆದ್ದರಿಂದ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗಿರುವ ಶೇ 15ರ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗಿರುವ ಶೇ 5ರ ಮೀಸಲಾತಿ ಬಡವರಿಗೆ ದೊಡ್ಡ ಹಣಸಹಾಯವೇ ಸರಿ. ಊರ ಶಾಲೆಯ ಮುಖ್ಯೋಪಾಧ್ಯಾಯರು ಸಹಿ ಹಾಕಿದ ಒಂದು ಹಾಳೆಯಿಂದ ಲಕ್ಷಗಳು ಉಳಿಯಬಹುದು.

ಸೀಟು ಸಿಕ್ಕಿದ ವಾರವೇ ಕಷ್ಟದ ವಾರ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕೊಟ್ಟ ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟಬೇಕು. ಎಸ್‌ಎಸ್‌ಪಿ ಎಂಬ ರಾಜ್ಯ ಸರ್ಕಾರದ ಪೋರ್ಟಲ್ ಮೂಲಕ ಬರುವ ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ ಕೈಗೆ ಸೇರುವುದು ಆಮೇಲೆ. “ಸೀಟ್ ಸಿಕ್ಕಿತ್, ದುಡ್ಡ್ ಎಲ್ಲಿಂದ ತಪ್ಪುದ್?” ಎಂಬ ಚಿಂತೆಯಲ್ಲಿ ಅಮ್ಮನ ಬಳೆ ಸೊಸೈಟಿಯಲ್ಲಿ ಅಡಮಾನಕ್ಕೆ ಹೋಗುವುದು ಆಗಲೇ. ದಾನ ಕೊಡುವ ಜಾತಿ ಸಂಘಗಳಲ್ಲಿ, ಟ್ರಸ್ಟುಗಳಲ್ಲಿ ನನ್ನದೊಂದು ವಿನಂತಿ: ಚೆಕ್ಕನ್ನು ವಾರ್ಷಿಕೋತ್ಸವದ ವೇದಿಕೆಗೆಂದು ಕಾದಿಡಬೇಡಿ. ಆ ವಾರದಲ್ಲಿ ಕೊಟ್ಟ ಐವತ್ತು ಸಾವಿರ ಡಿಸೆಂಬರಿನ ಲಕ್ಷಕ್ಕಿಂತ ಹೆಚ್ಚು ಉಪಕಾರಿ.

ಸರ್ಕಾರದ ಬಾಗಿಲುಗಳೂ ಹಲವಿವೆ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ನಿಗಮಗಳಲ್ಲಿ ಶೇ 2ರ ಬಡ್ಡಿಯ ‘ಅರಿವು’ ಸಾಲವಿದೆ. ಬೀಡಿ ಕಟ್ಟುವ ತಾಯಂದಿರು ನಮ್ಮಲ್ಲಿ ಎಷ್ಟೋ ಜನ. ಅವರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನವಿರುವುದು ಎಲ್ಲ ಮನೆಗೂ ಗೊತ್ತಿಲ್ಲ. 2024ರ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಅರ್ಹತೆಯ ಮೇಲೆ ಸೇರಿದವರಿಗೆ ಜಾಮೀನಿಲ್ಲದ ಸಾಲ ಸಿಗುತ್ತದೆ, ಮ್ಯಾನೇಜ್‌ಮೆಂಟ್ ಕೋಟಾದವರಿಗಿಲ್ಲ.

ಓದು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಹಾಸ್ಟೆಲು, ಪುಸ್ತಕದ ಖರ್ಚು ಪ್ರತಿವರ್ಷದ್ದು. ಹಾಗಾಗಿ ದ್ವಿತೀಯ ಪಿಯುಸಿಯ ಜನವರಿಯಲ್ಲೇ ನಾಡಕಚೇರಿಯಿಂದ ಜಾತಿ, ಆದಾಯ ಪತ್ರ ಮಾಡಿಸಿ, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿಡಿ. ಶಾಲೆಯಿಂದ ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನೂ ತಂದಿಟ್ಟುಕೊಳ್ಳಿ.