ಮೂರನೆಯ ಗಾಲಿ ಬಂದ ಮೇಲೆ

ಮಲೆನಾಡಿಗೆ ಸೈಕಲ್ಲು ಹೊಸದಾಗಿ ಬಂದಾಗ ಅದು ಜನರ ನಾಲಿಗೆಯ ಮೇಲೆ ‘ಬೀಸೆಕಲ್ಲು’ ಆದ ವಿನೋದವನ್ನು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರು ಬಲ್ಲರು. ನಿಂತರೆ ಬೀಳುವ, ಓಡಿದರೆ ಬೀಳದ ಆ ವಾಹನ ಅಂದಿನವರಿಗೆ ಸೋಜಿಗವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೆ ಯಂತ್ರ ಕೂಡಿಸಿ ಮೋಟಾರು ಸೈಕಲ್ಲು ಮಾಡಿದರೂ ಗುಣ ಬದಲಾಗಲಿಲ್ಲ. ಆದರೆ ಪಕ್ಕಕ್ಕೆ ಮೂರನೆಯ ಗಾಲಿಯೊಂದನ್ನು ಕಟ್ಟಿ, ಅದರ ಮೇಲೆ ಒಂದು ತೊಟ್ಟಿಲನ್ನು ಕೂರಿಸಿದೊಡನೆ ಅದು ಬೇರೆಯೇ ಪ್ರಾಣಿಯಾಗುತ್ತದೆ. ನಿಂತರೂ ಬೀಳುವುದಿಲ್ಲ, ಜೊತೆಗೆ ವಾಲುವುದೂ ಇಲ್ಲ. ಈ ವಾಲದಿರುವಿಕೆಯೇ ಸಕಲ ತೊಂದರೆಗಳ ಮೂಲ.

ತೀರ್ಥಹಳ್ಳಿಯ ಹತ್ತಿರದ ನಮ್ಮ ಅಡಕೆ ತೋಟದ ಮನೆಯಲ್ಲಿ ಸೈಡ್‌ಕಾರು ಕಟ್ಟಿದ ಬುಲೆಟ್ಟೊಂದು ಬಹಳ ಕಾಲದಿಂದ ಇದೆ. ಅದನ್ನು ನಾನು ಉಳಿಸಿಕೊಂಡಿರುವುದು ಶೋಕಿಗಾಗಿ ಅಲ್ಲ. ಅಮ್ಮನಿಗೆ ಮಂಡಿನೋವು, ಹಿಂದಿನ ಸೀಟಿಗೆ ಕಾಲು ಎತ್ತಿ ಕೂರಲಾರಳು. ಜೀಪಿನ ಮೆಟ್ಟಿಲೂ ಅವಳಿಗೆ ಎತ್ತರ. ತೊಟ್ಟಿಲಿಗಾದರೆ ಜಗಲಿಯಿಂದ ಇಳಿದ ಹಾಗೆ ಇಳಿದು ಕೂರುತ್ತಾಳೆ, ಮಡಿಲಲ್ಲಿ ಎಲೆಯಡಕೆಯ ಚೀಲ, ತಲೆಯ ಮೇಲೆ ಕೊಡೆ. ಅವಳ ಪ್ರಯಾಣ ಸುಖವಾಗಿಯೇ ಇರುತ್ತದೆ. ಕಷ್ಟವೆಲ್ಲ ಹ್ಯಾಂಡಲ್ ಹಿಡಿದವನದು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ. ಒಮ್ಮೆ ಇಳಿದು ಒಮ್ಮೆ ಹತ್ತಿ ಮನೆಗೆ ಬಂದರೆ ಮರುದಿನ ಊಟದ ತುತ್ತನ್ನು ಬಾಯಿಗೆ ಒಯ್ಯುವಾಗಲೂ ಭುಜ ನೆನಪು ಮಾಡಿಕೊಡುತ್ತಿತ್ತು. ವಯಸ್ಸು ಐವತ್ತು ದಾಟಿದವನಿಗೆ ಇದು ತಮಾಷೆಯಲ್ಲ. ತಿರುವಿನ ನಡುವೆ ತೋಳು ಸೋತರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ತೊಟ್ಟಿಲಲ್ಲಿ ಅಮ್ಮ.

ಹೀಗೇಕೆ ಆಗುತ್ತದೆ? ಒಂಟಿ ಮೋಟಾರು ಸೈಕಲ್ಲನ್ನು ನಾವು ತಿರುಗಿಸುವುದಕ್ಕಿಂತ ಹೆಚ್ಚಾಗಿ ವಾಲಿಸುತ್ತೇವೆ. ಸೈಡ್‌ಕಾರಿನ ಗಾಡಿ ವಾಲದು. ಮುಂದಿನ ಗಾಲಿಯನ್ನು ತೋಳ್ಬಲದಿಂದಲೇ ತಿರುಗಿಸಬೇಕು. ನಮ್ಮ ದೇಶದಲ್ಲಿ ರಸ್ತೆಯ ಎಡಕ್ಕೆ ಓಡಿಸುವುದರಿಂದ ಸೈಡ್‌ಕಾರೂ ಎಡಗಡೆಯೇ. ಎಡ ತಿರುವಿನಲ್ಲಿ ಅದು ನೆಲ ಬಿಟ್ಟು ಮೇಲೇಳಲು ನೋಡುತ್ತದೆ. ಬಲ ತಿರುವಿನಲ್ಲಿ ಭಾರವೆಲ್ಲ ಅದರ ಮೇಲೆ ಒರಗುತ್ತದೆ. ವೇಗ ಹೆಚ್ಚಿಸಿದರೆ ಗಾಡಿ ಎಡಕ್ಕೆ ಎಳೆಯುತ್ತದೆ, ಬ್ರೇಕು ಒತ್ತಿದರೆ ಬಲಕ್ಕೆ. ಇಷ್ಟನ್ನೂ ಸವಾರನ ಎರಡು ಕೈಗಳೇ ಸರಿದೂಗಿಸಬೇಕು.

ಇನ್ನೊಂದು ಕಾರಣ ಕಣ್ಣಿಗೆ ಕಾಣದಂಥದು. ಆಸ್ಪತ್ರೆಯ ಸ್ಟ್ರೆಚರಿನ ಚಿಕ್ಕ ಗಾಲಿಗಳನ್ನು ನೋಡಿ: ಯಾವ ಕಡೆಗೆ ನೂಕಿದರೂ ಗಾಲಿ ತನ್ನ ತಿರುಗಣೆಯ ಹಿಂದೆ ಹಿಂದೆ ಎಳೆದುಕೊಂಡು ಬಂದು ನೇರವಾಗುತ್ತದೆ. ಮೋಟಾರು ಸೈಕಲ್ಲಿನ ಮುಂದಿನ ಗಾಲಿಗೂ ಇದೇ ಸ್ವಭಾವ. ಸ್ಟೇರಿಂಗಿನ ಓರೆಯಾದ ದಂಡವನ್ನು ನೆಲದವರೆಗೆ ಎಳೆದಂತೆ ಭಾವಿಸಿದರೆ ಅದು ನೆಲ ಮುಟ್ಟುವ ಬಿಂದು ಮುಂದಿರುತ್ತದೆ, ಟೈರು ನೆಲ ಮುಟ್ಟುವ ಜಾಗ ಹಿಂದಿರುತ್ತದೆ. ಈ ಅಂತರಕ್ಕೆ ಮೆಕ್ಯಾನಿಕರು ಟ್ರೇಲ್ ಎನ್ನುತ್ತಾರೆ. ಒಂಟಿ ಬೈಕಿಗೆ ಅದು ಸ್ಥೈರ್ಯ ಕೊಡುವ ಗುಣ. ಸೈಡ್‌ಕಾರು ಕಟ್ಟಿದ ಮೇಲೆ ಅದೇ ಶತ್ರು: ತಿರುವಿನಲ್ಲಿ ಟೈರಿನ ಮೇಲೆ ಬೀಳುವ ಅಡ್ಡಬಲಕ್ಕೆ ಈ ಅಂತರ ಸನ್ನೆಕೋಲಿನ ಹಿಡಿಯಂತಾಗಿ, ನೇರವಾಗು ನೇರವಾಗು ಎಂದು ಹ್ಯಾಂಡಲನ್ನು ಹಿಂದಕ್ಕೆ ನೂಕುತ್ತದೆ.

ಲೆಕ್ಕ ಕಠಿಣವಲ್ಲ. ಗಾಲಿಯ ತ್ರಿಜ್ಯ 320 ಮಿಲಿಮೀಟರು, ಸ್ಟೇರಿಂಗಿನ ಓರೆ 27 ಡಿಗ್ರಿ, ಗಾಲಿಯ ಆಕ್ಸಲ್ಲು ಸ್ಟೇರಿಂಗಿನ ರೇಖೆಯಿಂದ 60 ಮಿಲಿಮೀಟರು ಮುಂದೆ ಎಂದಿಟ್ಟುಕೊಳ್ಳಿ. ಟ್ರೇಲ್ ಸುಮಾರು 96 ಮಿಲಿಮೀಟರು ಬರುತ್ತದೆ. ಆಕ್ಸಲ್ಲನ್ನು ಇನ್ನು 45 ಮಿಲಿಮೀಟರು ಮುಂದಕ್ಕೆ ತಂದರೆ ಅದು 45ಕ್ಕೆ ಇಳಿಯುತ್ತದೆ. ಭುಜದ ನೋವು ಅರ್ಧಕ್ಕರ್ಧ ಇಳಿಯಿತೆಂದೇ ಹೇಳಬಹುದು. ಗೆರೆ ಎಳೆದು ನೋಡಿದಾಗ ಮೂರು ಬೆರಳಗಲವೂ ಇಲ್ಲದ ಈ ಅಳತೆಯಲ್ಲಿ ಇಷ್ಟೊಂದು ಸುಖ ಅಡಗಿದೆಯೆಂದು ನನಗೆ ನಂಬಿಕೆ ಬರಲಿಲ್ಲ.

ಹಾಗೆ ಮುಂದಕ್ಕೆ ತರುವುದು ಹೇಗೆ? ಮಾಮೂಲು ಮುಂಗಾಲು, ಎಂದರೆ ಕೊಳವೆಯೊಳಗೆ ಕೊಳವೆ ಜಾರುವ ಟೆಲಿಸ್ಕೋಪಿಕ್ ಫೋರ್ಕು, ಮೇಲೆ ಕೆಳಗೆ ಆಡುವುದಕ್ಕೆ ಹುಟ್ಟಿದ್ದು; ಅಡ್ಡಲಾಗಿ ನೂಕಿದರೆ ಬಾಗುತ್ತದೆ, ಬುಷ್ಷು ಬೇಗ ಸವೆಯುತ್ತದೆ. ಆದ್ದರಿಂದ ಅದನ್ನು ತಿದ್ದುವುದಕ್ಕಿಂತ ಬದಲಿಸುವುದೇ ಮೇಲು. ಇಂಗ್ಲೆಂಡಿನ ಅರ್ನೆಸ್ಟ್ ಅರ್ಲ್ಸ್ ಎಂಬಾತ 1950ರ ದಶಕದ ಆರಂಭದಲ್ಲಿ ರೂಪಿಸಿದ ಮುಂಗಾಲು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ಸ್ಟೇರಿಂಗಿನಿಂದ ಇಳಿದುಬಂದ ಎರಡು ಗಟ್ಟಿ ಕಾಲುಗಳು ಗಾಲಿಯ ಹಿಂದೆ ಕೊನೆಗೊಳ್ಳುತ್ತವೆ. ಅಲ್ಲಿಂದ ಎರಡು ತೋಳುಗಳು ಮುಂದಕ್ಕೆ ಚಾಚಿ ಆಕ್ಸಲ್ಲನ್ನು ಹಿಡಿಯುತ್ತವೆ. ಎರಡು ತೋಳುಗಳನ್ನೂ ಗಾಲಿಯ ಹಿಂದೆ ಒಂದೇ ಕೊಳವೆ ಬೆಸೆದಿರುತ್ತದೆ. ಜರ್ಮನಿಯ ಬಿಎಂಡಬ್ಲ್ಯು ಕಂಪೆನಿ 1955ರಿಂದ 1969ರವರೆಗೆ ತನ್ನ ಬೈಕುಗಳಿಗೆ ಇದನ್ನೇ ಅಳವಡಿಸಿತು. ಅದರ ಜಾಣತನ ನೋಡಿ: ತೋಳು ಕೂರುವಲ್ಲಿ ಎರಡು ತೂತು. ಒಂಟಿ ಸವಾರಿಗೆ ಹಿಂದಿನದು, ಸೈಡ್‌ಕಾರಿಗೆ ಮುಂದಿನದು. ತೂತು ಬದಲಿಸಿದರೆ ಟ್ರೇಲ್ ಕಡಿಮೆಯಾಗುತ್ತದೆ. ರಷ್ಯದ ಇರ್ಬಿತ್ ಊರಿನ ಉರಾಲ್ ಗಾಡಿಗಳೂ ಮುಂದಕ್ಕೆ ಚಾಚಿದ ತೋಳಿನ ದಾರಿಯನ್ನೇ ಹಿಡಿದವು.

ನಮ್ಮಲ್ಲಿ ಇಂಥ ಮುಂಗಾಲು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಮಾಡಿಸಬೇಕು. ಪೇಟೆಯ ಲೇತ್ ಕೆಲಸದವರೊಬ್ಬರ ಬಳಿಗೆ ನಕ್ಷೆ ಹಿಡಿದು ಹೋದೆ. ಭದ್ರಾವತಿಯಲ್ಲಿ 1923ರಲ್ಲಿ ಕುಲುಮೆ ಹೊತ್ತಿದಂದಿನಿಂದ ಈ ಜಿಲ್ಲೆಯವರಿಗೆ ಕಬ್ಬಿಣದ ವಿಷಯದಲ್ಲಿ ಒಂದು ಬಗೆಯ ಅಧಿಕಾರ ಬಂದುಬಿಟ್ಟಿದೆ. ಅವರು ನಕ್ಷೆಯನ್ನು ಪಕ್ಕಕ್ಕಿಟ್ಟು ನಾನು ತಂದಿದ್ದ ಕೊಳವೆಯನ್ನು ಉಗುರಿನಿಂದ ತಟ್ಟಿದರು. “ಸಾರ್, ಇದು ಗೇಟಿಗೆ ಹಾಕೋ ಪೈಪು. ಬೆಸುಗೆ ಗೆರೆ ಕಾಣ್ತಿದೆ ನೋಡಿ. ಇದರಲ್ಲಾದ್ರೆ ನಾನು ಮಾಡಿಕೊಡೋದಿಲ್ಲ” ಎಂದರು. ಬೆಸುಗೆಯಿಲ್ಲದೆ ಎಳೆದ ಉಕ್ಕಿನ ಕೊಳವೆಯೇ ಆಗಬೇಕೆಂಬ ಹಟ ಅವರದು. ಅದನ್ನು ಶಿವಮೊಗ್ಗದಿಂದ ತರಿಸುವಷ್ಟರಲ್ಲಿ ಒಂದು ತಿಂಗಳು ಕಳೆಯಿತು. ಆ ಹಟಕ್ಕೆ ನಾನು ಋಣಿ.

ಕೆಲಸದ ಮುಕ್ಕಾಲು ಪಾಲು ಬೆಸುಗೆಗೆ ಮುಂಚಿನದು. ಬೆಸುಗೆಯ ಕಾವಿಗೆ ಉಕ್ಕು ಸೆಳೆದುಕೊಳ್ಳುತ್ತದೆ. ಎರಡು ತೋಳು ಒಂದು ಕೂದಲೆಳೆಯಷ್ಟು ಓರೆಯಾದರೂ ಆಕ್ಸಲ್ಲು ಸಲೀಸಾಗಿ ತೂರುವುದಿಲ್ಲ, ಬಲವಂತವಾಗಿ ತೂರಿಸಿದರೆ ಗಾಲಿ ಸೊಟ್ಟ ನಡೆಯುತ್ತದೆ. ಅದಕ್ಕಾಗಿ ದಪ್ಪ ತಗಡಿನ ಮೇಲೆ ಜಿಗ್ಗು ಕಟ್ಟಿ, ಸುಳ್ಳು ಆಕ್ಸಲ್ಲೊಂದನ್ನು ತೂರಿಸಿಯೇ ಬೆಸೆದರು. ಒಂದು ಬದಿ ಸ್ವಲ್ಪ, ಆರಿದ ಮೇಲೆ ಇನ್ನೊಂದು ಬದಿ ಸ್ವಲ್ಪ. ತೋಳು ಆಡುವಲ್ಲಿ ಕಂಚಿನ ಬುಷ್ಷು, ಗ್ರೀಸು ತುಂಬಲು ಒಂದೊಂದು ನಿಪ್ಪಲ್ಲು. ನಮ್ಮ ಮಳೆಗೆ ಗ್ರೀಸಿಲ್ಲದ ಬುಷ್ಷು ಒಂದು ಆಷಾಢವನ್ನೂ ದಾಟದು. ಬೈಕುಗಳ ಹಿಂದುಗಡೆ ಹಾಕುವ ಶಾಕ್ ಅಬ್ಸಾರ್ಬರು ಜೋಡಿಯೊಂದು ಮುಂದೆ ಬಂದು ಕೂತಿತು. ಗಾಡಿಯ ಮೇಲೆ ಜನ ಕೂತಾಗ ತೋಳು ಹೆಚ್ಚು ಕಡಿಮೆ ನೆಲಕ್ಕೆ ಸಮನಾಗಿರುವಂತೆ ಅವುಗಳ ಎತ್ತರ ಗೊತ್ತುಮಾಡಿದೆವು. ಕೊಂಬು ಪೂರ್ತಿ ತಿರುಗಿಸಿದಾಗ ಹಿಂದಿನ ಅಡ್ಡ ಕೊಳವೆ ಚಾಸಿಗೂ ಸೈಲೆನ್ಸರಿನ ಕೊಳವೆಗೂ ತಾಗಬಾರದು. ಇದಕ್ಕಾಗಿ ಮರದ ಪಟ್ಟಿಯಲ್ಲಿ ಇಡೀ ಮುಂಗಾಲಿನ ಮಾದರಿ ಮಾಡಿ ತಿರುಗಿಸಿ ನೋಡಿದ್ದು ಎರಡು ಭಾನುವಾರಗಳ ಕೆಲಸ.

ಬ್ರೇಕಿನ ಮಾತನ್ನು ಹೇಳಲೇಬೇಕು. ಟೆಲಿಸ್ಕೋಪಿಕ್ ಫೋರ್ಕಿನ ಗಾಡಿ ಬ್ರೇಕು ಒತ್ತಿದಾಗ ಮೂಗು ಬಗ್ಗಿಸುತ್ತದೆ. ಅರ್ಲ್ಸನ ಮುಂಗಾಲಿನಲ್ಲಿ ಬ್ರೇಕಿನ ತಟ್ಟೆಯನ್ನು ತೋಳಿಗೇ ಬಿಗಿದರೆ ಮೂಗು ಬದಲಾಗಿ ಮೇಲೇಳುತ್ತದೆ. ಮೊದಲ ಸಲ ನೋಡಿದವರಿಗೆ ಗಾಬರಿಯಾದೀತು. ತಟ್ಟೆಯನ್ನು ತೋಳಿಗೆ ಬಿಗಿಯದೆ, ಅದರಿಂದೊಂದು ಸರಳನ್ನು ತೋಳಿಗೆ ಸಮಾನಾಂತರವಾಗಿ ಒಯ್ದು ಆಡದ ಕಾಲಿಗೆ ಕಟ್ಟಿದರೆ ಮೂಗು ಹಾಗೆ ಮೇಲೇಳುವುದಿಲ್ಲ. ನಾವು ಮಾಡಿದ್ದು ಇದನ್ನೇ. ಇಳಿಜಾರಿನ ರಸ್ತೆಯವರಿಗೆ ಇದು ಚೆನ್ನ.

ಟ್ರೇಲ್ ಇಳಿಸಿದ್ದಕ್ಕೆ ತೆರಬೇಕಾದ ಸುಂಕವೂ ಉಂಟು. ನಿಧಾನವಾಗಿ ಹೋಗುವಾಗ ಹ್ಯಾಂಡಲ್ ತಲೆಯಾಡಿಸಲು ತೊಡಗುತ್ತದೆ, ಒಲ್ಲದ ಸಂಬಂಧಕ್ಕೆ ಹುಡುಗಿ ತಲೆಯಾಡಿಸಿದ ಹಾಗೆ. ಹಳೆಯ ಬೈಕುಗಳ ಸ್ಟೇರಿಂಗಿನ ತಲೆಯಲ್ಲಿ ಗುಂಡು ಹಿಡಿಯ ತಿರುಪೊಂದು ಇರುತ್ತಿತ್ತಲ್ಲ, ಅದು ಇದನ್ನು ತಡೆಯುವುದಕ್ಕೇ. ಬಿಗಿದರೆ ಘರ್ಷಣೆ ಹೆಚ್ಚಿ ಆಟ ನಿಲ್ಲುತ್ತದೆ. ಅಂಥದೊಂದನ್ನು ಸೇರಿಸದೆ ಟ್ರೇಲ್ ಇಳಿಸಬಾರದು. ಸೈಡ್‌ಕಾರಿನ ಗಾಲಿ ತುಸು ಒಳಮುಖವಾಗಿ, ಬೈಕು ತುಸು ಹೊರಕ್ಕೆ ಒರಗಿ ನಿಂತಿರಬೇಕೆಂಬ ಹಳೆಯ ನಿಯಮಗಳು ಹೊಸ ಮುಂಗಾಲಿನೊಡನೆಯೂ ಹಾಗೆಯೇ ಉಳಿಯುತ್ತವೆ.

ಕಾನೂನಿನ ವಿಷಯ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಲು ಮಾಲೀಕನಿಗೆ ಅಧಿಕಾರವಿಲ್ಲ. ಬೆಸುಗೆ ಬಿಟ್ಟ ಮುಂಗಾಲು ಎದುರಿನಿಂದ ಬರುವ ಬಸ್ಸಿನವರ ಸಮಸ್ಯೆಯೂ ಹೌದಾದ್ದರಿಂದ ಈ ಕಟ್ಟುಪಾಡನ್ನು ನಾನು ದೂರುವವನಲ್ಲ. ನಕ್ಷೆ, ಉಕ್ಕಿನ ಬಿಲ್ಲು, ಲೆಕ್ಕದ ಹಾಳೆ ಎಲ್ಲವನ್ನೂ ಲಗತ್ತಿಸಿ ಅರ್ಜಿ ಹಾಕಿದ್ದೇನೆ. ಹಳೆಯ ಫೋರ್ಕನ್ನು ಎಣ್ಣೆ ಹಚ್ಚಿ ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದೆ. ಅರ್ಜಿ ತಿರಸ್ಕೃತವಾದರೆ ಅದೇ ಮತ್ತೆ ಇಳಿಯುತ್ತದೆ.

ಅಲ್ಲಿಯವರೆಗೆ ಗಾಡಿ ನಮ್ಮ ಸ್ವಂತ ತೋಟದ ದಾರಿಯನ್ನು ಬಿಟ್ಟು ಹೊರಗೆ ಬಿದ್ದಿಲ್ಲ. ಮೊದಲ ವಾರ ತೊಟ್ಟಿಲಲ್ಲಿ ಅಮ್ಮನ ತೂಕದ ಮರಳು ಚೀಲ ಕೂತಿತ್ತು. ಪ್ರತಿ ಸುತ್ತಿನ ಮೇಲೂ ಬೆಸುಗೆಗಳನ್ನು ಸೀಮೆಎಣ್ಣೆಯಿಂದ ತೊಳೆದು, ಸುಣ್ಣದ ಪುಡಿ ಸವರಿ, ಕೂದಲಿನಂಥ ಬಿರುಕೇನಾದರೂ ಎಣ್ಣೆ ಉಗುಳುವುದೋ ಎಂದು ನೋಡಿದೆವು. ಎಂಟನೆಯ ದಿನ ಅಮ್ಮ ಕೂತಳು. ಕಣದ ಪಕ್ಕದ ಬಲ ತಿರುವನ್ನು ಒಂದೇ ಕೈಯಲ್ಲಿ ತಿರುಗಿಸಿ ತೋರಿಸಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಾ, “ಎರಡೂ ಕೈಲಿ ಹಿಡಿಯೋ” ಎಂದಳು.